ಅನ್‌ಲಕಿ, ಮೇಟ್

ಸೋತರೆ ನನಗೆ ಸಿಟ್ಟು ಬರುವುದಿಲ್ಲ ಎಂದು ನಾನು ಬಹಳ ಕಾಲದಿಂದ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಸೋತರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಿವಿ ಬಿಸಿಯಾಗುತ್ತದೆ, ಮನೆಗೆ ಬಂದು ಚಪ್ಪಲಿ ಬಿಡುವಾಗ ಒಂದು ಅತ್ತ, ಒಂದು ಇತ್ತ ಹಾರುತ್ತದೆ. ಆದರೆ ಸೋಲಿಗಿಂತ ಹೆಚ್ಚು ಉರಿಸುವುದು ಸೋಲಿನ ಬೆನ್ನಿಗೇ ಬರುವ ಎರಡು ಪದ. ಆಸ್ಟ್ರೇಲಿಯದ ಕ್ಯಾಸಿನೋಗಳಲ್ಲಿ ಪೋಕರ್ ಆಡಿ, ಸೋತು ಎದ್ದವನಿಗೆ ಗೆದ್ದವನು ತಪ್ಪದೆ ಹೇಳುವ ಮಾತದು: 'ಅನ್‌ಲಕಿ, ಮೇಟ್.' ಅದೃಷ್ಟ ಸರಿಯಿರಲಿಲ್ಲ, ಗೆಳೆಯಾ. ಯಾರಿಗೆ ಯಾರು ಗೆಳೆಯ? ಎರಡು ನಿಮಿಷದ ಹಿಂದೆ ನನ್ನ ಬಿಲ್ಲೆಗಳನ್ನೆಲ್ಲ ಎರಡೂ ತೋಳಿನಲ್ಲಿ ಬಾಚಿಕೊಂಡವನು, ಸೂರ್ಯನೇ ಬಾರದ ಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತವನು, ನನ್ನ ಹೆಸರನ್ನೂ ಕೇಳದವನು ನನ್ನ ಗೆಳೆಯನಂತೆ! ಗಾಯದ ಮೇಲೆ ಬರೆ ಎಳೆಯುವುದನ್ನು ಇಷ್ಟು ವಿನಯದಿಂದ ಮಾಡುವ ಜನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟು ಸಿಟ್ಟಿದ್ದರೆ ಹೋಗುತ್ತಿದ್ದುದೇಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಶೈಲಾ ಕೂಡ ಕೇಳುತ್ತಿದ್ದಳು. ನನ್ನ ಉತ್ತರ ಸಿದ್ಧವಾಗಿರುತ್ತಿತ್ತು. ನಾವು ಇರುವುದು ಮೆಲ್ಬರ್ನಿನ ಪಶ್ಚಿಮದ ಅಂಚಿನ ವೆರಿಬೀಯಲ್ಲಿ. ನಾನು ಕೆಲಸ ಮಾಡುವುದು ಪೂರ್ವದ ಅಂಚಿನ ಬಾಕ್ಸ್ ಹಿಲ್‌ನಲ್ಲಿ, ಬೇರೆಯವರು ಕೆಡಿಸಿದ ಕಂಪ್ಯೂಟರುಗಳನ್ನು ಸರಿಮಾಡುವುದು. ದಿನಕ್ಕೆ ಮೂರು ಗಂಟೆ ಟ್ರೇನಿನಲ್ಲಿ ಕೂರುವ, ತಿಂಗಳ ಮೊದಲ ವಾರವೇ ಮಾರ್ಟ್‌ಗೇಜ್ ಕಟ್ಟಿ ಬರಿಗೈಯಾಗುವ ಮನುಷ್ಯನಿಗೆ ಶನಿವಾರ ಮಧ್ಯಾಹ್ನ ಒಂದು ಸಣ್ಣ ಟೂರ್ನಮೆಂಟು ಅಪರಾಧವೇ? ಪ್ರವೇಶಕ್ಕೆ ಮೂವತ್ತು ಡಾಲರು. ಕೊಟ್ಟರೆ ಒಂದು ಗುಡ್ಡೆ ಬಿಲ್ಲೆ ಸಿಗುತ್ತದೆ. ಆ ಬಿಲ್ಲೆಗೆ ಹೊರಗೆ ಬೆಲೆಯಿಲ್ಲ, ಮುಗಿದರೆ ಎದ್ದು ಹೋಗಬೇಕು, ಅಷ್ಟೇ. ದೊಡ್ಡ ಜೂಜುಕೋರರು ನಮ್ಮ ಮೂಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಜಾತ್ರೆಯಲ್ಲಿ ಮಕ್ಕಳನ್ನು ಮರದ ಕುದುರೆಯ ಮೇಲೆ ಕೂರಿಸಿದ ಹಾಗೆ ನಮ್ಮನ್ನು ಅಲ್ಲಿ ಕೂರಿಸಿರುತ್ತಾರೆ.

ಇದು ಹೊರಗಿನ ಉತ್ತರ. ಒಳಗಿನ ಉತ್ತರ ಬೇರೆ. ನಾನು ಇಸ್ಪೀಟಿನಲ್ಲಿ ಮಹಾ ಆಟಗಾರ ಎಂದು ನನಗೆ ಗಾಢವಾದ ನಂಬಿಕೆಯಿತ್ತು. ಆ ನಂಬಿಕೆ ಹುಟ್ಟಿದ್ದು ಗದಗಿನಲ್ಲಿ, ನನ್ನ ಮಾವನ ಮನೆಯ ಪಡಸಾಲೆಯಲ್ಲಿ.

ನಾನು ಮಂಡ್ಯದವನು, ಶೈಲಾ ಗದಗಿನವಳು. ಇಬ್ಬರೂ ಓದಲು ಮೆಲ್ಬರ್ನಿಗೆ ಬಂದು, ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಪರಿಚಯವಾಗಿ, ಊರಿಗೆ ಫೋನ್ ಮಾಡಿ ಮದುವೆಯಾಗುತ್ತೇವೆ ಎಂದವರು. ಅವಳ ತಂದೆ ಚನ್ನಬಸಪ್ಪನವರು ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿದ್ದು ಪೋಸ್ಟ್‌ಮಾಸ್ತರಾಗಿ ನಿವೃತ್ತರಾದವರು. ಊರಿನ ಕ್ಲಬ್ಬಿನಲ್ಲಿ ರಮ್ಮಿಗೆ ಅವರ ಮುಂದೆ ಕೂರಲು ಜನ ಹೆದರುತ್ತಿದ್ದರಂತೆ. ಅವರು ನಮ್ಮ ಮದುವೆಗೆ ಬೇಡ ಎನ್ನಲಿಲ್ಲ, ಹೂಂ ಎಂದೂ ಮನಸಾರೆ ಹೇಳಲಿಲ್ಲ. ಮರ್ಯಾದೆ ಕೊಟ್ಟರು. ಒಂಬತ್ತು ವರ್ಷ ಬರೀ ಮರ್ಯಾದೆ ಕೊಟ್ಟರು! 'ಬರ್ರಿ ಅಳಿಯಂದ್ರ, ಕುಂದರ್ರಿ, ಊಟಾ ಮಾಡ್ರಿ, ಮಕ್ಕೋರಿ.' ನಾಲ್ಕು ಕ್ರಿಯಾಪದದಲ್ಲಿ ನಮ್ಮ ಸಂಬಂಧ ಮುಗಿದುಹೋಗುತ್ತಿತ್ತು. ನಾನು ಪಡಸಾಲೆಗೆ ಕಾಲಿಟ್ಟರೆ ಅವರು ಎದ್ದು ನಿಲ್ಲುತ್ತಿದ್ದರು, ಅವರು ಎದ್ದರೆಂದು ನಾನೂ ನಿಲ್ಲುತ್ತಿದ್ದೆ. ಬಸ್ಸಿಗೆ ಕಾದವರ ಹಾಗೆ ಇಬ್ಬರೂ ನಿಂತಿದ್ದು, ಯಾರಾದರೂ ಚಹಾ ತಂದರೆ ಬದುಕಿಕೊಳ್ಳುತ್ತಿದ್ದೆವು.

ದೀಪಾವಳಿಯಲ್ಲಿ ಮಾತ್ರ ಇದು ಬದಲಾಗುತ್ತಿತ್ತು. ಪಾಡ್ಯದ ದಿನ ಆರತಿ, ಹೋಳಿಗೆ ಎಲ್ಲ ಮುಗಿದ ಮೇಲೆ ಜಮಖಾನ ಹಾಸಿ ಮಾವ-ಅಳಿಯ ಎದುರುಬದುರು ಕೂತು ರಮ್ಮಿ ಆಡುವುದು ಆ ಮನೆಯ ಪದ್ಧತಿ. ಪಣಕ್ಕೆ ಶೇಂಗಾ. ಸುತ್ತ ಇಡೀ ಬಳಗ ನೆರೆದಿರುತ್ತಿತ್ತು. ಒಂಬತ್ತು ವರ್ಷಗಳಲ್ಲಿ ನಾನು ಐದು ದೀಪಾವಳಿಗೆ ಹೋಗಿದ್ದೇನೆ, ಐದರಲ್ಲೂ ಮಾವನನ್ನು ನುಣ್ಣಗೆ ಸೋಲಿಸಿದ್ದೇನೆ. ಗದಗಿನ ಕ್ಲಬ್ಬಿನ ಹುಲಿ ನನ್ನ ಮುಂದೆ ಇಲಿ. ನಾನು ಗೆದ್ದಾಗ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಅಭಿಮಾನದಿಂದ ನಗುತ್ತಿದ್ದಾರೆ ಎಂದುಕೊಂಡು ನಾನು ಮೀಸೆಯ ಮೇಲೆ ಕೈಯಾಡಿಸಿದ್ದೂ ಉಂಟು. ಆ ಮನುಷ್ಯ ನನ್ನನ್ನು ಮನಸ್ಸಿನಲ್ಲಿ ಏನೆಂದು ತಿಳಿದಿದ್ದಾನೋ ಗೊತ್ತಿಲ್ಲ, ಆಟದಲ್ಲಂತೂ ನನ್ನ ಕೈಯನ್ನು ಒಪ್ಪಲೇಬೇಕಲ್ಲ ಎನ್ನುವುದು ನನ್ನ ಸಮಾಧಾನವಾಗಿತ್ತು. ಆ ಶೇಂಗಾದ ಬಲದ ಮೇಲೆಯೇ ನಾನು ಮೆಲ್ಬರ್ನಿನ ಕ್ಯಾಸಿನೋಗೆ ಹೋಗಿದ್ದು.

ಮೆಲ್ಬರ್ನಿನಲ್ಲಿ ನಾನು ಒಂದೇ ಸಮನೆ ಸೋತೆ. ಮೊದಮೊದಲು ಎಲೆ ಸರಿಯಾಗಿ ಬೀಳಲಿಲ್ಲ ಎಂದೆ. ಆಮೇಲೆ ಈ ಕಪ್ಪು ಕನ್ನಡಕದವರಿಗೆ ಆಟವೇ ಬರುವುದಿಲ್ಲ, ಆಟ ಬರದವರ ಜೊತೆ ಆಡಿದರೆ ಆಟ ಬಲ್ಲವನು ಸೋಲುವುದು ಸಹಜ ಎಂಬ ಸಿದ್ಧಾಂತ ಕಟ್ಟಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಬೈದೆ: ಆ ಕ್ಯಾಸಿನೋದ ರತ್ನಗಂಬಳಿಯ ಚಿತ್ತಾರ ನೋಡಿದರೆ ಆರೋಗ್ಯವಂತನಿಗೂ ತಲೆ ಸುತ್ತಬೇಕು. ಗೋಡೆಗೆ ಗಡಿಯಾರವಿಲ್ಲ, ಕಿಟಕಿಯಿಲ್ಲ. ಇದೆಲ್ಲದರ ಮೇಲೆ ವಾರವಾರವೂ ಒಬ್ಬ ಹೊಸ ಗೆಳೆಯ, 'ಅನ್‌ಲಕಿ, ಮೇಟ್.'

ಇದು ಹೀಗೆ ನಡೆದಿರುವಾಗ, ೨೦೦೯ರ ಚಳಿಗಾಲದಲ್ಲಿ ಮಾವ ಮೂರು ತಿಂಗಳಿಗೆಂದು ಒಬ್ಬರೇ ವೆರಿಬೀಗೆ ಬಂದರು. ಅತ್ತೆಗೆ ವಿಮಾನವೆಂದರೆ ಭಯ. ಬಂದ ಎರಡನೆಯ ವಾರಕ್ಕೆ ಮಾವ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ನಮ್ಮ ಸಬರ್ಬಿನ ಬೀದಿಯಲ್ಲಿ ದಿನಕ್ಕೊಮ್ಮೆ ಹಾದುಹೋಗುವ ಮನುಷ್ಯನೆಂದರೆ ಅಂಚೆಯವನು. ಅವನು ಸಣ್ಣ ಮೋಟರ್‌ಬೈಕಿನಲ್ಲಿ ಬಂದು, ಇಳಿಯದೆ, ಪತ್ರವನ್ನು ಡಬ್ಬಿಗೆ ತುರುಕಿ ಹೋಗುವುದನ್ನು ಮಾವ ದಿನವೂ ನೋಡಿ, ದಿನವೂ ನಿಟ್ಟುಸಿರು ಬಿಡುತ್ತಿದ್ದರು. ನಾನು ಕೆಲಸದಿಂದ ಬಂದರೆ ಎದ್ದು ನಿಲ್ಲುತ್ತಿದ್ದರು. ನನ್ನ ಸ್ವಂತ ಮನೆಯಲ್ಲಿ ನಾನು ಕೂರುವುದಕ್ಕೇ ಮುಜುಗರವಾಯಿತು.

ಒಂದು ದಿನ ಶೈಲಾ ಅಡುಗೆಮನೆಗೆ ಕರೆದು, ಸಣ್ಣ ದನಿಯಲ್ಲಿ ತರಾಟೆಗೆ ತೆಗೆದುಕೊಂಡಳು. "ರೀ, ಅಪ್ಪಾಜಿಗೆ ಎಪ್ಪತ್ತಾತು. ಮತ್ತ ಯಾವಾಗ ಬರ್ತಾರೋ, ಬರೂದೇ ಇಲ್ಲೋ. ಒಂಬತ್ ವರ್ಷ ಆತು, ನೀವಿಬ್ರೂ ಒಂದ್ ಮಾತು ಬಾಯ್ತುಂಬ ಆಡಿದ್ದು ನಾ ನೋಡಿಲ್ಲ. ಎಲ್ಲರೆ ಕರ್ಕೊಂಡ್ ಹೋಗ್ರಿ. ಇಬ್ರೂ ಮಾತಾಡ್ಕೊಂತ ವಾಪಸ್ ಬರ್ರಿ. ಇಲ್ಲಂದ್ರ ನಾ ಸುಮ್ನಿರಂಗಿಲ್ಲ." ಕಣ್ಣಲ್ಲಿ ನೀರಿತ್ತು. ಹಾಗಾಗಿ ನಾನು ವಾದ ಮಾಡದೆ ಆಗಲಿ ಎಂದು ಮಾತು ಕೊಟ್ಟೆ. ಆದರೆ ಯೋಚಿಸಿ ನೋಡಿ, ನಾಲ್ಕು ಕ್ರಿಯಾಪದ ಬಿಟ್ಟರೆ ನಮ್ಮಿಬ್ಬರ ನಡುವೆ ಇದ್ದದ್ದು ಐವತ್ತೆರಡು ಎಲೆ ಮಾತ್ರ.

ಅಡುಗೆಮನೆಯ ಮೇಜಿನ ಮೇಲೆ ಶೇಂಗಾ ಹರಡಿ ನಾನು ಮಾವನಿಗೆ ಪೋಕರ್ ಕಲಿಸಿದೆ. ಕಲಿಸುವಾಗಿನ ನನ್ನ ಗತ್ತನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. "ನೋಡಿ ಮಾವ, ಒಬ್ಬೊಬ್ಬನಿಗೆ ಎರಡೆರಡು ಎಲೆ ಕವುಚಿ ಕೊಡ್ತಾರೆ. ನಡುವೆ ಐದು ಎಲೆ ಬಿಚ್ತಾರೆ, ಅದು ಎಲ್ರಿಗೂ ಸೇರಿದ್ದು. ಎಲ್ಲ ಸೇರ್ಸಿ ಒಳ್ಳೆ ಐದು ಮಾಡ್ಕೋಬೇಕು. ಕೈ ಚೆನ್ನಾಗಿಲ್ಲ ಅಂದ್ರೆ ಎಲೆ ಬಿಸಾಕಿ ಸುಮ್ನಾಗ್ಬೇಕು." ಅವರು ಎಲ್ಲಕ್ಕೂ "ಹೌದ್ರೀ, ಹೌದ್ರೀ" ಎಂದರು. ತೊಂದರೆ ಬಂದದ್ದು ಎಲೆಗಳ ಹೆಸರಿನಲ್ಲಿ. ನಾನು ಆಟೀನು ಎಂದರೆ ಅವರು ಬದಾಮ ಎನ್ನುವರು. ನನ್ನ ಕಳಾವರ್ ಅವರಿಗೆ ಕಿಲಾವರ. ನನ್ನ ಡೈಮಂಡು ಅವರಿಗೆ ಚೌಕಟ್. ಒಂದೇ ನಾಡಿನ ಎರಡು ಊರಿಗೆ ಇಸ್ಪೀಟು ಬೇರೆಬೇರೆ ಹಡಗಿನಲ್ಲಿ ಬಂದಿಳಿದಿರಬೇಕು. ಬಿಳಿಯರು ಹೃದಯ ಎನ್ನುವ ಕೆಂಪು ಗುರುತನ್ನು ಮಂಡ್ಯದವನು ಏನೆಂದು ತಿಳಿಯದೆಯೇ ಆಟೀನು ಅನ್ನುತ್ತಾನೆ, ಗದಗಿನವನು ಮಾತ್ರ ಕಣ್ಣಿಟ್ಟು ನೋಡಿ, ಇದು ತಿನ್ನುವ ಬದಾಮಿ ಎಂದು ಕಂಡುಕೊಂಡಿದ್ದಾನೆ. ಎಕ್ಕ, ರಾಜ, ರಾಣಿ, ಗುಲಾಮರ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ನದಿ ದಂಡೆಯ ಕ್ಯಾಸಿನೋಗೆ ಹೋದೆವು. ಒಂದೇ ಮೇಜಿನಲ್ಲಿ ಅಕ್ಕಪಕ್ಕ ಜಾಗ ಸಿಕ್ಕಿತು. ಮಾವ ಕೋಟಿನ ಗುಂಡಿ ಹಾಕಿ, ಟೋಪಿ ಸರಿಮಾಡಿಕೊಂಡು, ನಡುವೆ ಬಿಚ್ಚಿದ ಎಲೆ ನೋಡಿ, ನನ್ನ ಕಡೆ ಬಾಗಿ ಮೆಲ್ಲಗೆ "ಬದಾಮ ರಾಣಿ ಚಲೋ ಬಂತಲ್ರೀ" ಎಂದರು. ಪಾಪ, ತಾವಾಗಿಯೇ ನನ್ನೊಡನೆ ಆಡಿದ ಐದನೆಯ ಮಾತು ಅದು. ಎಲೆ ಹಂಚುತ್ತಿದ್ದ ಹುಡುಗಿ ತಕ್ಷಣ ಕೈಯೆತ್ತಿದಳು. ಮೇಜಿನಲ್ಲಿ ಇಂಗ್ಲಿಷ್ ಮಾತ್ರ, ಇನ್ನೊಮ್ಮೆ ಹೀಗಾದರೆ ಆಟದಿಂದ ಹೊರಗೆ ಕೂರಿಸಬೇಕಾಗುತ್ತದೆ. ನಿಯಮಕ್ಕೆ ಕಾರಣವಿದೆ, ನನಗೆ ಗೊತ್ತು. ಇಬ್ಬರು ಗುಟ್ಟಾಗಿ ಸಂಚು ಮಾಡಬಾರದು. ಆದರೆ ಎದುರಿಗಿದ್ದ ಇಬ್ಬರು ಗೆಳೆಯರು ಗಂಟಲಲ್ಲೇ ಗೊರಗೊರ ಸದ್ದು ಮಾಡಿಕೊಂಡು ಮಾತಾಡುತ್ತಿದ್ದುದು ಇಂಗ್ಲಿಷ್ ಎಂದು ಯಾವ ನ್ಯಾಯಾಧೀಶ ಹೇಳಿಯಾನು? ಒಂಬತ್ತು ವರ್ಷಕ್ಕೆ ಒಂದು ಮಾತು ಹುಟ್ಟಿತ್ತು, ಅದನ್ನು ಹುಟ್ಟಿದಲ್ಲೇ ಹಿಸುಕಿದರು. ಆ ಸಿಟ್ಟಿನಲ್ಲೇ ನಾನು ಮುಂದಿನ ಎಲೆಗೆ ಇದ್ದದ್ದೆಲ್ಲ ಕಟ್ಟಿ, ಮುಕ್ಕಾಲು ಗಂಟೆಯೊಳಗೆ ಮುಗಿದೆ. ಹೊಸ ಗೆಳೆಯನೊಬ್ಬ ಸಾಂತ್ವನ ಹೇಳಿದ.

ಮಾವ ಮಾತ್ರ ಕೂತೇ ಇದ್ದರು. ಮಾತಾಡಬಾರದು ಎಂದ ಮೇಲೆ ಅವರು ಬಾಯಿಗೆ ಬೀಗ ಹಾಕಿ ಕೀಲಿಯನ್ನೇ ಎಸೆದುಬಿಟ್ಟಿದ್ದರು. ಕನ್ನಡಕದ ಹುಡುಗರು ಅವರ ಮುಖ ನೋಡಿ ನೋಡಿ ಸುಸ್ತಾದರು. ಅಲ್ಲಿ ಓದುವುದಕ್ಕೆ ಒಂದು ಅಕ್ಷರವೂ ಇರಲಿಲ್ಲ. ನಾನು ಕಟಕಟೆಯ ಹೊರಗೆ ಎರಡು ಗಂಟೆ ನಿಂತು, ಇವರ ಅದೃಷ್ಟ ಯಾವಾಗ ಕೈಕೊಡುತ್ತದೋ ಎಂದು ಕಾಯುತ್ತಿದ್ದೆ. ಅರವತ್ತು ಜನರಲ್ಲಿ ಅವರು ಮೂರನೆಯವರಾದರು. ಹೇಗೆ ಎಂದು ಕೇಳಿದರೆ, "ಏನಿಲ್ರೀ. ಮನುಷ್ಯಾ ಕೌಂಟರಿಗೆ ಬರೂ ಮುಂದ ಅಂವನ ಮನಿಆರ್ಡರ್ ಬಂದೈತೋ ಇಲ್ಲೋ ಅಂವನ ಹೆಗಲು ಹೇಳತಿತ್ತು" ಎಂದರು. ಒಂದು ಸಂಗತಿ ಮಾತ್ರ ಆಗಲೇ ನನ್ನ ಗಮನಕ್ಕೆ ಬಂದಿತ್ತು. ನಾನು ಮೇಜಿನಲ್ಲಿದ್ದಷ್ಟು ಹೊತ್ತು ಅವರು ಒಮ್ಮೆಯೂ ನನ್ನ ವಿರುದ್ಧ ಪಣ ಕಟ್ಟಿರಲಿಲ್ಲ. ನಾನು ಮುಂದೆ ಬಂದರೆ ಅವರು ಎಲೆ ಚೆಲ್ಲುತ್ತಿದ್ದರು. ಐದು ದೀಪಾವಳಿಯ ಭಯ ಇನ್ನೂ ಹೋಗಿಲ್ಲ ಎಂದುಕೊಂಡು ನಾನು ಒಳಗೊಳಗೇ ಬೀಗಿದೆ.

ಶೈಲಾ ಕೇಳಿದ ಮಾತುಕತೆ ಇನ್ನೂ ಬಾಕಿಯಿತ್ತು; ಮಾವನ ಬಹುಮಾನದಲ್ಲಿ ಎರಡು ಸಿಡ್ನಿ ಟ್ರೇನಿನ ಟಿಕೆಟ್ ಬಂತು. ಹಗಲಿನ ಟ್ರೇನು, ಹನ್ನೊಂದು ಗಂಟೆಯ ಪಯಣ. ಶೈಲಾ ಕಟಿರೊಟ್ಟಿ, ಶೇಂಗಾ ಚಟ್ನಿ, ಮಡಿಕೆಕಾಳು ಕಟ್ಟಿಕೊಟ್ಟಿದ್ದಳು. ಹನ್ನೊಂದು ಗಂಟೆಯಲ್ಲಿ ನಮ್ಮ ನಡುವೆ ನಡೆದ ಮಾತು: "ಊಟಾ ಮಾಡ್ರಿ ಅಳಿಯಂದ್ರ." ಸಿಡ್ನಿಯಲ್ಲಿ ಹೋಟೆಲಿಗೆ ಕೊಡಲು ದುಡ್ಡಿಲ್ಲದ್ದರಿಂದ ದಿ ಪಾಂಡ್ಸ್ ಎಂಬ ಹೊಸ ಬಡಾವಣೆಯಲ್ಲಿ ನನ್ನ ಹಳೆಯ ಸಹಪಾಠಿ, ಮಂಗಳೂರಿನ ವಲೇರಿಯನ್‌ನ ಹೊಸ ಮನೆಯಲ್ಲಿ ಇಳಿದೆವು. ಬಣ್ಣದ ವಾಸನೆ ಇನ್ನೂ ಆರಿರದ ಮನೆ, ಬೇಲಿಯಿಲ್ಲದ ಹಿತ್ತಲು, ಎದುರಿಗೆ ಅರ್ಧ ಎದ್ದ ಹತ್ತು ಮನೆಗಳು. ಬಂದ ರಾತ್ರಿಯೇ ಮಾವ ಮಂಚ ನನಗೆ ಬಿಟ್ಟು ನೆಲದ ಮೇಲೆ ಹಾಸಿಗೆ ಹಾಸಿಕೊಂಡರು. ಎಪ್ಪತ್ತರ ಮನುಷ್ಯ! ಬೇಡವೆಂದು ಕೈಹಿಡಿದು ಎಳೆದೆ. "ಅಳಿಯಂದ್ರು ನೆಲದ ಮ್ಯಾಲ ಮಕ್ಕೊಂಡ್ರ ಜನಾ ಏನಂದಾರು?" ಎಂದರು. ಯಾವ ಜನ? ದಿ ಪಾಂಡ್ಸ್‌ಗೆ ಇನ್ನೂ ಜನವೇ ಬಂದಿರಲಿಲ್ಲ. ಆ ರಾತ್ರಿ ಮೆತ್ತನೆಯ ಮಂಚದ ಮೇಲೆ ನಾನು ಹಲ್ಲುಕಚ್ಚಿಕೊಂಡು ಮಲಗಿದೆ.

ಮರುದಿನ ಮಧ್ಯಾಹ್ನ ಬಸ್ಸು ಹಿಡಿದು, ಟ್ರೇನು ಹಿಡಿದು, ಸಮುದ್ರದ ಕೊಲ್ಲಿಯ ಪಕ್ಕದ ಕ್ಯಾಸಿನೋ ಸೇರಿದೆವು. ಅಲ್ಲಿಯೂ ಅದೇ ಮೂವತ್ತು ಡಾಲರಿನ ಟೂರ್ನಮೆಂಟು, ಅದೇ ತಲೆಸುತ್ತಿನ ರತ್ನಗಂಬಳಿ. ಬೇರೆಬೇರೆ ಮೇಜಿನಲ್ಲಿ ಕೂರಿಸಿದರು. ಅಂದು ಏನಾಯಿತೋ, ನನಗೂ ಎಲೆ ಬಿತ್ತು. ಆಡುತ್ತ ಆಡುತ್ತ ಜನ ಕರಗಿ, ಕೊನೆಯ ಏಳು ಮಂದಿಯನ್ನು ಒಂದೇ ಮೇಜಿಗೆ ತಂದಾಗ ಎದುರಿಗೆ ಮಾವನ ಟೋಪಿ ಕಂಡಿತು. ಇದು ಪಡಸಾಲೆಯಲ್ಲ, ಇಲ್ಲಿ ನಗುವ ಹೆಂಗಸರಿಲ್ಲ. ಲೋಕದ ಮುಂದೆ, ಅಪರಿಚಿತರ ಮುಂದೆ ಈ ಮನುಷ್ಯನನ್ನು ಒಮ್ಮೆ ನ್ಯಾಯವಾಗಿ ಸೋಲಿಸಿಬಿಟ್ಟರೆ ಅವರು ಎದ್ದು ನಿಲ್ಲುವುದನ್ನು ಬಿಟ್ಟು ನನ್ನನ್ನು ಒಬ್ಬ ಗಂಡಸೆಂದು ನೋಡಿಯಾರು. ನಗಬೇಡಿ, ಆ ಹೊತ್ತಿಗೆ ನನಗೆ ಬೇಕಾಗಿದ್ದುದು ಅದೊಂದೇ.

ನನ್ನ ಕೈಗೆ ಎರಡು ರಾಜರು ಬಂದರು. ಇದ್ದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ನೂಕಿದೆ. ಒಬ್ಬೊಬ್ಬರೇ ಎಲೆ ಬಿಟ್ಟು, ಉಳಿದವರು ಮಾವ ಮಾತ್ರ. ಅವರ ಬಳಿ ನನಗಿಂತ ದೊಡ್ಡ ಗುಡ್ಡೆಯಿತ್ತು. ತಮ್ಮ ಎರಡು ಎಲೆಗಳ ಮೂಲೆ ಎತ್ತಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಎಲೆ ನೋಡಿದರು. ಆಮೇಲೆ ಗದಗಿನ ಕ್ಲಬ್ಬಿನಲ್ಲಿ ನಲವತ್ತು ವರ್ಷ ಎಸೆದ ಅಭ್ಯಾಸದಂತೆ ಮಣಿಕಟ್ಟು ತಿರುವಿ, ಎಲೆಗಳನ್ನು ನಡುವೆ ಎಸೆದರು. ಅವು ಗಾಳಿಯಲ್ಲಿ ಹೊರಳಿ, ಮುಖ ಮೇಲಾಗಿ ಬಿದ್ದವು. ಇಸ್ಪೀಟು ಎಕ್ಕ. ಬದಾಮ ಎಕ್ಕ.

ಪೋಕರ್ ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಡುವಿನ ಎಲೆ ಬಿಚ್ಚುವ ಮೊದಲು ಈ ಆಟದಲ್ಲಿ ಜೋಡಿ ಎಕ್ಕಕ್ಕಿಂತ ದೊಡ್ಡ ಕೈ ಇಲ್ಲವೇ ಇಲ್ಲ. ಅದನ್ನು ಯಾರೂ ಎಸೆಯುವುದಿಲ್ಲ. ಹುಚ್ಚನೂ ಎಸೆಯುವುದಿಲ್ಲ. ಮೇಜಿನ ಸುತ್ತ ಗಲಾಟೆ ಎದ್ದಿತು. ಕನ್ನಡಕದವನೊಬ್ಬ ಕನ್ನಡಕವನ್ನೇ ತೆಗೆದು ನೋಡಿದ. ಎಲೆ ಹಂಚುವವಳು ಮೇಲ್ವಿಚಾರಕನನ್ನು ಕರೆದಳು. ಎತ್ತರದ, ಸೌಮ್ಯ ಮುಖದ ಮನುಷ್ಯ ಬಂದು, ಎಲ್ಲವನ್ನೂ ಕೇಳಿಕೊಂಡು, ಮಾವನ ಪಕ್ಕ ಬಗ್ಗಿ, ಇಂಥ ಎಲೆಯನ್ನು ಏಕೆ ಬಿಟ್ಟಿರಿ ಎಂದು ವಿಚಾರಿಸಿದ.

ಮಾವ ಎದ್ದು ನಿಂತರು. ಪೋಸ್ಟಲ್ ಸೂಪರಿಂಟೆಂಡೆಂಟರ ಮುಂದೆ ನಿಲ್ಲುವ ಹಾಗೆ ನಿಂತು, "ಹೀ ಈಸ್ ಮೈ ಸನ್-ಇನ್-ಲಾ, ಸರ್" ಎಂದರು.

ಅವನಿಗೆ ಅರ್ಥವಾಗಲಿಲ್ಲ. ಅದು ಸರಿ, ಆದರೆ ಏಕೆ ಬಿಟ್ಟಿರಿ?

"ದಟ್ ಈಸ್ ವೈ, ಸರ್" ಎಂದರು ಮಾವ.

ಆತ ನಿಯಮ ವಿವರಿಸಿದ. ಬೇಕೆಂದೇ ಒಬ್ಬರಿಗೊಬ್ಬರು ಸೋಲುವಂತಿಲ್ಲ; ಅದು ಉಳಿದವರಿಗೆ ಮಾಡುವ ಮೋಸ; ಇಬ್ಬರೂ ಆಟದಿಂದ ಹೊರಗೆ ಹೋಗಬೇಕು. ಮಾವ ಗಂಭೀರವಾಗಿ ತಲೆಯಾಡಿಸಿ, ನಿಮ್ಮ ನಿಯಮ ನಿಮಗೆ ದೊಡ್ಡದು, ನಮ್ಮದು ನಮಗೆ ಎಂಬ ಅರ್ಥ ಬರುವ ಇಂಗ್ಲಿಷಿನಲ್ಲಿ ಏನೋ ಹೇಳಿ, ಅವನ ಕೈಕುಲುಕಿದರು. ಎದ್ದು ಹೊರಟಾಗ ಯಾರೂ ನಮಗೆ ಅನ್‌ಲಕಿ ಎನ್ನಲಿಲ್ಲ. ಮೋಸಗಾರರು ಯಾರಿಗೂ ಗೆಳೆಯರಲ್ಲವಲ್ಲ.

ಹೊರಗೆ ಚಳಿಗಾಲದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಾನು ಕೊಲ್ಲಿಯ ಮೇಲಿನ ಸೇತುವೆಯ ಕಡೆಗೆ ದಾಪುಗಾಲು ಹಾಕಿದೆ, ಮಾವ ಹಿಂದೆ ಹಿಂದೆ ಬಂದರು. ಕ್ಯಾಸಿನೋದ ಮೇಲೆ ನನಗೆ ಸಿಟ್ಟಿರಲಿಲ್ಲ. ಮೊದಲ ಬಾರಿಗೆ ಕ್ಯಾಸಿನೋದವರು ಮಾಡಿದ್ದು ಸರಿಯೆನ್ನಿಸಿತ್ತು. ನನ್ನನ್ನು ಸುಡುತ್ತಿದ್ದುದು ಬೇರೆ ಪ್ರಶ್ನೆ. ಕಡೆಗೆ ನೀರಿನ ಪಕ್ಕದ ಬೆಂಚಿನ ಮೇಲೆ ಕೂತಾಗ ತಡೆಯಲಾಗಲಿಲ್ಲ.

"ಮಾವ, ನಿಜ ಹೇಳ್ಬುಡಿ. ದೀಪಾವಳೀಲೂ ಹಿಂಗೇ ಮಾಡ್ತಿದ್ರಾ?"

ಅವರು ಚೀಲದಿಂದ ರೊಟ್ಟಿಯ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮತ್ತೆ ಮುಚ್ಚಿದರು. "ಹಬ್ಬದಾಗ ಅಳಿಯಾನ್ನ ಸೋಲಸಬಾರದ್ರೀ. ನಮ್ಮ ಮನಿ ಪದ್ಧತಿ. ನಮ್ಮಪ್ಪ ನಮ್ಮಕ್ಕನ ಗಂಡಗ ಸೋತಾನ. ನಮ್ಮ ಮಾವ ನನಗ ಸೋತಾರ."

"ಐದು ಸಲಾನೂ?"

"ಐದೂ ಸಲ."

"ನಾನು ಒಂದಾಟಾನೂ ಸ್ವಂತಕ್ಕೆ ಗೆದ್ದಿಲ್ವಾ?"

ಪೋಸ್ಟ್‌ಮಾಸ್ತರರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅವರು ಸೀಗಲ್ ಹಕ್ಕಿಯೊಂದರ ಕಡೆ ಮುಖ ತಿರುಗಿಸಿದರು.

ನಾನು ಕೂಗಾಡಿದೆ. ಹೌದು, ಎಪ್ಪತ್ತರ ಹಿರಿಯರ ಮೇಲೆ, ಪರದೇಶದ ನಡುಬೀದಿಯಲ್ಲಿ. "ನಿಮ್ಮಿಂದ ನಾನು ಹುಲಿ ಅಂದ್ಕೊಂಡ್ಬುಟ್ಟೆ ಮಾವ! ಮೂರು ವರ್ಷದಿಂದ ವಾರವಾರ ಹೋಗಿ ಸೋತು ಬತ್ತಾವ್ನಿ! ನಿಮ್ಮ ಮರ್ಯಾದೆ ಯಾರಿಗ್ ಬೇಕಿತ್ತು? ನನ್ನ ಜೊತೆ ಒಂದ್ ಸಲ ಮನುಷ್ಯನ ಜೊತೆ ಆಡ್ದಂಗೆ ಆಡ್ಬಾರ್ದಿತ್ತಾ?" ಎಂದೆ. ಪಕ್ಕದ ಬೆಂಚಿನವರು ಮಗುವನ್ನು ಎತ್ತಿಕೊಂಡು ಎದ್ದುಹೋದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಕೂಗಿ ಮುಗಿಸಿದಾಗ, ಶೈಲಾಗೆ ಕೊಟ್ಟ ಮಾತನ್ನೂ, ಒಂಬತ್ತು ವರ್ಷದ ನಾಜೂಕನ್ನೂ ಒಟ್ಟಿಗೆ ನೀರಿಗೆ ಎಸೆದೆ ಎಂದು ನನಗೆ ಗಾಬರಿಯಾಯಿತು.

ಮಾವ ಹಕ್ಕಿಯ ಕಡೆಗೇ ನೋಡುತ್ತ, "ನಮ್ಮ ಮಾವ ಸೋತದ್ದು ನನಗ ಹದಿನೈದ್ ವರ್ಷ ಆದಮ್ಯಾಲ ಗೊತ್ತಾತು. ಅಷ್ಟರಾಗ ಅವರು ತೀರಿಹೋಗಿದ್ರು. ಭಾಳ ಸಿಟ್ಟ ಬಂತು. ಯಾರ ಮುಂದ ಒದರಬೇಕು? ನಿಮಗರೆ ಒದರಾಕ ನಾ ಇದೀನಿ" ಎಂದರು. ಡಬ್ಬಿಯನ್ನು ನನ್ನ ಕಡೆ ಸರಿಸಿದರು. ನಾನು ಸಿಟ್ಟಿನಿಂದಲೇ ಎರಡು ರೊಟ್ಟಿ ತಿಂದೆ.

ಸಂಜೆ ವಲೇರಿಯನ್‌ನ ಮನೆಯಿಂದ ಶೈಲಾಗೆ ಫೋನ್ ಮಾಡಿ, ಇದು ನಿನಗೆ ಗೊತ್ತಿತ್ತೇ ಎಂದು ಗುಡುಗಿದೆ. ಆ ಕಡೆಯಿಂದ ಬಂದದ್ದು ನಗು. "ಅಯ್ಯ, ಇಡೀ ಓಣಿಗೇ ಗೊತ್ತೈತಿ ರೀ. ನಿಮಗೊಬ್ರಿಗೇ ಗೊತ್ತಿರಲಿಲ್ಲೇನು?" ಪಡಸಾಲೆಯ ಹೆಂಗಸರ ಮುಸಿಮುಸಿ ನಗು, ನನ್ನ ಮೀಸೆ, ಎಲ್ಲ ಒಟ್ಟಿಗೆ ನೆನಪಾಗಿ, ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ ನಾನು ಪಾಪದ ವಲೇರಿಯನ್‌ನ ಹೊಸ ಫೋನನ್ನು ಕುಕ್ಕಿದೆ.

ಮರ್ಯಾದೆಯ ಬಗ್ಗೆ ನನಗೊಂದು ತಕರಾರಿದೆ. ಚಿಕ್ಕಂದಿನಲ್ಲಿ ನನ್ನ ಅಣ್ಣ ಚೌಕಾಬಾರದಲ್ಲಿ ನನ್ನ ಕಾಯಿ ಹೊಡೆದು, ನಕ್ಕು, ತಲೆಗೆ ಮೊಟಕುತ್ತಿದ್ದ. ನಾನು ಅಳುತ್ತ ಹೋಗಿ ಅವ್ವನಿಗೆ ಹೇಳಿದರೆ, ಹೋಗಿ ನೀನೂ ಹೊಡಿ ಎನ್ನುತ್ತಿದ್ದಳು. ಅಲ್ಲಿ ಯಾರೂ ನನಗೆ ಸೋತು ಕೊಡಲಿಲ್ಲ. ಬೇಕೆಂದು ಸೋಲುವುದು ನೆಂಟರಿಗೆ ಮಾಡುವ ಉಪಚಾರ. ಬಾಳೆಎಲೆಯ ತುದಿಗೆ ಬಡಿಸುವ ಹೆಚ್ಚಿನ ಹೋಳಿಗೆಯ ಹಾಗೆ. ಒಂಬತ್ತು ವರ್ಷ ನಾನು ಆ ಮನೆಯಲ್ಲಿ ಹೊಟ್ಟೆ ಬಿರಿಯ ಹೋಳಿಗೆ ತಿಂದ ನೆಂಟ.

ಹಿಂದಿರುಗುವ ಟ್ರೇನು ಹತ್ತಿದ ಹತ್ತು ನಿಮಿಷಕ್ಕೆ ನಾನು ಚೀಲದಿಂದ ಇಸ್ಪೀಟಿನ ಕಟ್ಟು ತೆಗೆದು ಮಡಚುವ ಹಲಗೆಯ ಮೇಲೆ ಕುಕ್ಕಿದೆ. "ಇದು ಹಬ್ಬ ಅಲ್ಲ, ಮಾವ. ರಮ್ಮಿ. ಸೋತ್ಕೊಟ್ರೆ ನಾನು ಮುಂದಿನ ಸ್ಟೇಷನ್ನಲ್ಲಿ ಇಳ್ದೋಯ್ತೀನಿ." ಮಾವ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಅವರ ಬೋಳುತಲೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಲೆ ಕಲೆಸಿದರು. ಆ ಕಲೆಸುವಿಕೆಯಲ್ಲೇ ನನಗೆ ತಿಳಿದುಹೋಯಿತು, ಈ ಕೈಯನ್ನು ನಾನು ಇದುವರೆಗೆ ಕಂಡೇ ಇಲ್ಲ.

ಮೊದಲ ಆಟ ಮೂರು ನಿಮಿಷಕ್ಕೆ ಮುಗಿಯಿತು. ಎರಡನೆಯದು ಅದಕ್ಕೂ ಬೇಗ. ಒಣಗಿದ ಹುಲ್ಲುಗಾವಲು, ಕುರಿ, ಮತ್ತೆ ಕುರಿ ಹಿಂದಕ್ಕೆ ಓಡುತ್ತಿದ್ದವು, ನಾನು ಸೋಲುತ್ತಿದ್ದೆ. ಐದನೆಯ ಆಟದಲ್ಲಿ ನಾನೊಂದು ಎಲೆ ಎಸೆದಾಗ ಮಾವ ಹಲಗೆ ಕುಟ್ಟಿ ಒದರಿದರು: "ಏ ಹುಚ್ಚಪ್ಪಾ! ಆ ಬದಾಮ ಹತ್ತು ಯಾಕ ಒಗದೀ? ನಾ ಗುಲಾಮ ಎತ್ತಿದ್ದು ಕಾಣ್ಲಿಲ್ಲೇನ ನಿನಗ? ಕಣ್ಣಾಗ ಮಣ್ಣ ಬಿದ್ದೈತೇನು?" ಇಡೀ ಬೋಗಿ ತಿರುಗಿ ನೋಡಿತು. 'ರೀ' ಹೋಗಿ 'ನೀ' ಬಂದದ್ದು ಅವರಿಗೆ ಗೊತ್ತಾಗಲಿಲ್ಲ, ನಾನೂ ತೋರಿಸಿಕೊಡಲಿಲ್ಲ. ಮೆಲ್ಬರ್ನ್ ತಲುಪುವವರೆಗೂ ಅವರು ನನ್ನನ್ನು ಬೈದರು, ನಾನು ವಾದಿಸಿದೆ. ಒಂದು ಆಟವನ್ನೂ ಗೆಲ್ಲಲಿಲ್ಲ. ನಿಲ್ದಾಣಕ್ಕೆ ಬಂದಿದ್ದ ಶೈಲಾ, ಜಗಳವಾಡುತ್ತ ಇಳಿದ ನಮ್ಮಿಬ್ಬರನ್ನೂ ನೋಡಿ ಹೆದರಿ, ಏನಾಯಿತೆಂದು ಕೇಳಿದಳು. "ನಿನ ಗಂಡಗ ಎಲಿ ಲೆಕ್ಕಾ ಇಡಾಕ ಬರಂಗಿಲ್ಲ" ಎಂದರು ಮಾವ. ಬೆಚ್ಚಗೆ ಸಿಟ್ಟಾಗಿತ್ತು ನನಗೆ.

ಅದೇ ವರ್ಷ ದೀಪಾವಳಿಗೆ ಸಾಲದ ಮೇಲೆ ಟಿಕೆಟ್ ಬುಕ್ ಮಾಡಿ ಗದಗಿಗೆ ಹೋದೆವು. ಪಾಡ್ಯದ ಮಧ್ಯಾಹ್ನ ಜಮಖಾನ ಹಾಸಿದ್ದಾಯಿತು, ಶೇಂಗಾ ಬಂತು, ಬಳಗ ಸುತ್ತ ಕೂತಿತು. ಹೆಂಗಸರು ಮುಸಿಮುಸಿ ನಗಲು ಸೆರಗು ಸಿದ್ಧಮಾಡಿಕೊಂಡರು. ಮಾವ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಮೂರು ಆಟದಲ್ಲಿ ನನ್ನ ಮುಂದಿದ್ದ ಶೇಂಗಾ ಅಷ್ಟೂ ಅವರ ಮಡಿಲಿಗೆ ಹೋಯಿತು. ಶೈಲಾಳ ಸೋದರತ್ತೆ ಗಲ್ಲಕ್ಕೆ ಕೈಯಿಟ್ಟು, "ಅಯ್ಯ ಶಿವನ! ಹಬ್ಬದ ದಿನ ಮನಿ ಅಳಿಯಾನ್ನ ಸೋಲಸ್ತಾರೇನೋ ಯಣ್ಣಾ?" ಎಂದಳು.

"ಅಂವಗ ಆಡಾಕ ಬರೂದಿಲ್ಲಬೇ. ನಾವು ಕಲಸಲಿಲ್ಲಂದ್ರ ಮತ್ತ ಯಾರು ಕಲಸಬೇಕು?" ಎಂದರು ಮಾವ. ಎಲೆ ಕಲೆಸುತ್ತ, ಒಂದು ಶೇಂಗಾ ಬಾಯಿಗೆ ಎಸೆದುಕೊಂಡು, ನನ್ನ ಕಡೆ ನೋಡಿ, ಆಸ್ಟ್ರೇಲಿಯದಿಂದ ತಂದ ಒಂದೇ ಒಂದು ಸಾಮಾನನ್ನು ಹೊರತೆಗೆದರು: "ಅನ್‌ಲಕ್ಕಿ, ಮೇಟ್."

ನನಗೆ ಎಷ್ಟು ಸಿಟ್ಟು ಬಂತೆಂದರೆ, ಹತ್ತಿರ ಸರಿದು ಕೂತು, ಇನ್ನೊಂದು ಆಟಕ್ಕೆ ಎಲೆ ಹಾಕಿ ಎಂದೆ.